ಕಾಲು ಸುತ್ತು

ಕೋಡಿಬಾಗದಲ್ಲಿ, ಸೇತುವೆಗೆ ತುಸು ಮೊದಲು, ನನ್ನ ತಗಡಿನ ಶೆಡ್ಡು.
ಬೋರ್ಡಿನ ಮೊದಲ ಅಕ್ಷರವನ್ನು ಉಪ್ಪುಗಾಳಿ ತಿಂದು
'ಇನಾಸ ಗ್ಯಾರೇಜು' ಈಗ 'ನಾಸ ಗ್ಯಾರೇಜು'.
ಓದಿ ನಗುತ್ತಾರೆ. ಗಾಡಿಯನ್ನೂ ಬಿಟ್ಟು ಹೋಗುತ್ತಾರೆ.

ಚಂದ್ರಭಾಗಿ ಹರಿಕಂತ್ರಳ ಜೀಪು ಅರವತ್ತೆಂಟರದ್ದು.
ಬೈತಖೋಲದಿಂದ ಮಂಜುಗಡ್ಡೆ, ಬಂಗಡೆ, ಒಮ್ಮೊಮ್ಮೆ ಇಸವಣ ಹೊತ್ತು
ಅಣಶಿ ಘಟ್ಟ ಹತ್ತಿ ಜೋಯಿಡಾಕ್ಕೆ.
ಮೊನ್ನೆ ಮೂರನೇ ತಿರುವಿನಲ್ಲಿ ಪಿಸ್ಟನ್ನು ಒಡೆದು ನಿಂತಿತು.
"ವಾಸನೆಗೆ ನರಿ ಬಂದು ಕೂತವು ಸುತ್ತ," ಎಂದಳು,
"ಡ್ರೈವರು ಟಾಪಿನ ಮೇಲೆ."

ಹುಬ್ಬಳ್ಳಿಯ ಗುಜರಿಯಿಂದ ಜಿಪ್ಸಿಯ ಎಂಜಿನ್ನು ಎರಡು ಬಂದಿವೆ.
ಒಂದೇ ಹೊಟ್ಟೆ, ಬಾಯಿ ಮಾತ್ರ ಬೇರೆ:
ಒಂದಕ್ಕೆ ಕಾರ್ಬುರೇಟರು, ಹಸಿದಷ್ಟು ತಾನೇ ಹೀರಿಕೊಳ್ಳುವುದು.
ಇನ್ನೊಂದಕ್ಕೆ ಇಂಜೆಕ್ಷನ್ನು, ಅಳೆದು ಹೊತ್ತಿಗೆ ಸರಿಯಾಗಿ ತುತ್ತು.
"ಯಾವುದು ಹಾಕಲಿ?"
"ನೀನೇ ಹೇಳು ಇನಾಸಬಾಬ. ಮೀನಾದರೆ ಕಿವಿರು ಎತ್ತಿ ಹೇಳುತ್ತಿದ್ದೆ."

ಆಫ್ರೀನ್ ಐಟಿಐ ಕಲಿತವಳು. ಸ್ಪ್ಯಾನರು ಒರೆಸುತ್ತಲೇ ಶುರುಮಾಡಿದಳು:
ಘಟ್ಟದ ಮೇಲೆ ಗಾಳಿ ತೆಳು, ಕಾರ್ಬುರೇಟರಿಗೆ ಅದು ತಿಳಿಯದು,
ಕರಿಹೊಗೆ ಕಾರುತ್ತದೆ; ಈಗಿನ ಪೆಟ್ರೋಲಿನಲ್ಲಿ ಎಥನಾಲು,
ಹದಿನೈದು ದಿನ ನಿಂತರೆ ಜೆಟ್ಟಿನೊಳಗೆ ಅಂಟು.
ನಾನೂ ಬಿಡಲಿಲ್ಲ: ಇಂಜೆಕ್ಷನ್ನಿಗೆ ಟ್ಯಾಂಕು ಕೊಯ್ದು ಒಳಗೆ ಪಂಪು,
ವಾಪಸು ಬರುವ ಪೈಪು, ಸೆನ್ಸರು, ಮದುಮಗಳ ಜಡೆಯಷ್ಟು ವೈರು;
ಮಂಜುಗಡ್ಡೆಯ ಉಪ್ಪುನೀರು ಸಾಕೆಟ್ಟಿಗೆ ಇಳಿದರೆ ಹಸಿರು ಕಿಲುಬು.
ಅಣಶಿಯಲ್ಲಿ ಕೆಟ್ಟರೆ ಯಾರು ಬರುತ್ತಾರೆ,
ಲ್ಯಾಪ್‌ಟಾಪು ಹಿಡಿದ ಕಾಡುಕೋಣವೇ?
ಕಾರ್ಬುರೇಟರಾದರೆ ಒಂದು ಸೂಜಿ, ಬಾಯಿಂದ ಒಂದು ಊದು. ಮುಗಿಯಿತು.

ಇದೆಲ್ಲ ನಿಜವೇ. ನಿಜ ಇಷ್ಟೇ ಅಲ್ಲ.

ಕಾರ್ಬುರೇಟರು ಕೂರಿಸುವುದು ಕೈಯಲ್ಲ, ಕಿವಿ.
ಸ್ಕ್ರೂ ಒಳಗೆ ತಿರುಗಿಸುತ್ತ ಹೋಗು, ಎಂಜಿನ್ನು ತೊದಲುವ ತನಕ;
ಆಮೇಲೆ ಹಿಂದಕ್ಕೆ, ಕಾಲು ಸುತ್ತು, ಕಾಲಿಗೂ ಒಂದು ಕೂದಲು ಕಮ್ಮಿ.
ಆಗ ದನಿ ದುಂಡಗಾಗುತ್ತದೆ.
ಆ ದುಂಡು ನಲವತ್ತು ವರ್ಷ ನನ್ನ ಅನ್ನ.
ಎರಡು ಮಳೆಗಾಲದಿಂದ ಅದು ನನಗೆ ಕೇಳುತ್ತಿಲ್ಲ.

ಬಲಗಿವಿ ಪೂರ್ತಿ ಮುಚ್ಚಿದೆ. ಎಡದ್ದು ಅರೆಬಾಗಿಲು.
ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು ಅನ್ನುತ್ತಾರಲ್ಲ,
ಬಿಡುವ ಕಿವಿಯೇ ಇಲ್ಲದವನಿಗೆ ಕೇಳಿದ್ದೆಲ್ಲ ಒಳಗೇ ಉಳಿಯುತ್ತದೆ.
ಉದ್ದದ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ
ಎಲುಬಿನಿಂದ ಕೇಳುತ್ತೇನೆ.
ಗಿರಾಕಿಗಳು ಅದನ್ನು ಕಸುಬಿನ ಗುಟ್ಟು ಅಂದುಕೊಂಡಿದ್ದಾರೆ.
ಆಫ್ರೀನ್? ಗೊತ್ತಿಲ್ಲ.
ಇತ್ತೀಚೆಗೆ ನನ್ನ ಎಡಕ್ಕೇ ನಿಂತು ಮಾತಾಡುತ್ತಾಳೆ.

"ಇಂಜೆಕ್ಷನ್ನೇ ಹಾಕೋಣ" ಎಂದೆ.
ಇಬ್ಬರೂ ನನ್ನ ಮುಖ ನೋಡಿದರು; ಇಷ್ಟು ಹೊತ್ತು ಅದನ್ನು ಬೈದವನು ನಾನೇ.
"ಸಾಕೆಟ್ಟಿಗೆ ಗ್ರೀಸು ತುಂಬೋಣ. ಕಂಪ್ಯೂಟರಿನ ಡಬ್ಬಿ ಎತ್ತರದಲ್ಲಿರಲಿ."
ಕಾರಣ ಕೇಳಿದ್ದರೆ ಹೇಳಲು ಎಥನಾಲು ಇತ್ತು.
ಚಂದ್ರಭಾಗಿ ಕೇಳಿದ್ದು ಬೇರೆ:
"ಚೋಕಿನ ಗುಂಡಿ ಕೀಳಬೇಡ ಮಾರಾಯ,
ನನ್ನ ಎಲೆ-ಅಡಿಕೆ ಸಂಚಿ ತೂಗುವುದು ಅದಕ್ಕೇ."

ಇಪ್ಪತ್ತಮೂರು ದಿನ ಹಿಡಿಯಿತು.
ಗುಂಡಿ ಅಲ್ಲೇ ಇದೆ, ಹಿಂದೆ ಕೇಬಲ್ಲಿಲ್ಲ.
ಇವತ್ತು ಸಂಜೆ ಆಫ್ರೀನ್ ಕೀ ಹಿಡಿದು ಸೀಟಿಗೆ ಹತ್ತಿದಳು.
ನಾನು ಅಭ್ಯಾಸಬಲದಿಂದ ಸ್ಕ್ರೂಡ್ರೈವರು ಹಿಡಿದು ಬಾನೆಟ್ಟಿನ ಬದಿಗೆ,
ಬಾಗಿಲಿಲ್ಲದ ಮನೆಗೆ ಬೀಗದ ಕೈ ತಂದವನಂತೆ.

ಅವಳು ತಿರುಗಿಸಿದಳು, ಕಾಲು ಸುತ್ತು.

ಅವಳ ತುಟಿ ಏನೋ ಹೇಳಿತು.
ನಾನು ಮಡ್‌ಗಾರ್ಡಿನ ಮೇಲಿಟ್ಟ ಚಹಾದ ಗ್ಲಾಸು ನೋಡಿದೆ:
ಮೇಲೆ ಸಣ್ಣ ಸಣ್ಣ ಬಳೆಗಳು,
ಒಂದರೊಳಗೊಂದು,
ದುಂಡಗೆ.